ಸೈಕಲ್ ಒರಗಿಸಿಟ್ಟ ಮೇಲೆ

ಒಂದೇ ದಿನದಲ್ಲಿ 40 ಪಂಕ್ಚರ್ ಹಾಕಬೇಕಾಗಿ ಬಂದದ್ದೂ ಉಂಟಂತೆ. ನಮ್ಮ ಬಯಲುಸೀಮೆಯಲ್ಲಿ ಸೈಕಲ್ ತುಳಿದವರಿಗೆ ಜಾಲಿಮುಳ್ಳಿನ ಮಹಿಮೆ ಗೊತ್ತು. ಟ್ಯೂಬು ಹೊರಗೆಳೆದು, ನೀರಿನಲ್ಲಿ ಅದ್ದಿ, ಗುಳ್ಳೆ ಏಳುವ ಜಾಗ ಹುಡುಕಿ, ಉಜ್ಜಿ, ಸಲ್ಯೂಷನ್ ಹಚ್ಚಿ, ರಬ್ಬರ್ ತುಂಡು ಅಂಟಿಸಿ, ಮತ್ತೆ ಪಂಪು ಹೊಡೆಯಬೇಕು. ಎಷ್ಟೇ ಕೈ ಪಳಗಿದ್ದರೂ ಹತ್ತು ನಿಮಿಷ ಬೇಕು. ಹಾಗೆ 40 ಸಲ ಎಂದರೆ ಆರೂವರೆ ಗಂಟೆಗೂ ಹೆಚ್ಚು ಹೊತ್ತು ಬರೀ ಪಂಕ್ಚರ್ ಕೆಲಸ! ಉಳಿದ ಹೊತ್ತಿನಲ್ಲಿ ಸೈಕಲ್ ತುಳಿಯಬೇಕು, ಊಟ ಹುಡುಕಬೇಕು, ರಾತ್ರಿ ಮಲಗಲು ಇಲಿಗಳಿಲ್ಲದ ಕೋಣೆ ಹುಡುಕಬೇಕು. ಆ ಕೊನೆಯದು ಅನೇಕ ಸಲ ಸಿಗುತ್ತಿರಲಿಲ್ಲ.

ಹೀಗೆ ಊರೂರು ಸುತ್ತಿದವರು ಅಮೆರಿಕದ ಗಂಡಹೆಂಡತಿ, ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ವಿಲಿಯಂ ಹಂಟರ್ ವರ್ಕ್‌ಮನ್. 1897ರ ನವೆಂಬರಿನಲ್ಲಿ ಹೊರಟಾಗ ಆಕೆಗೆ 38, ಆತನಿಗೆ 50. ಮುಂದಿನ ಎರಡೂವರೆ ವರ್ಷದಲ್ಲಿ ಸಿಲೋನ್, ಬರ್ಮಾ, ಭಾರತದ ದಾರಿಗಳಲ್ಲಿ ಸುಮಾರು 14,000 ಮೈಲಿ, ಅಂದರೆ 22,500 ಕಿಲೋಮೀಟರ್ ಸುತ್ತಿದರು. ಭಾರತದ ದಕ್ಷಿಣದ ತುದಿಯಿಂದ ಹಿಮಾಲಯದ ಬುಡದವರೆಗೂ ಬಂದರು. ಇವರ ಕತೆಯನ್ನು ಸಾಮಾನ್ಯವಾಗಿ ಪರ್ವತಾರೋಹಣದ ಕತೆಯಾಗಿಯೇ ಹೇಳುತ್ತಾರೆ, ಸೈಕಲ್ಲಿನ ಭಾಗ ಮುನ್ನುಡಿಯಂತೆ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ನನಗೆ ಕುತೂಹಲ ಇರುವುದು ಆ ಎರಡು ಸಾಲಿನ ಬಗ್ಗೆ, ಮತ್ತು ಅವರು ಸೈಕಲ್ ಒರಗಿಸಿಟ್ಟು ನಡೆಯತೊಡಗಿದ ಆ ತಿರುವಿನ ಬಗ್ಗೆ.

ಫ್ಯಾನಿ ದೊಡ್ಡ ಮನೆತನದ ಹುಡುಗಿ. ತಂದೆ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿದ್ದವರು. ವಿಲಿಯಂ ವೈದ್ಯ. ಆರೋಗ್ಯ ಕೈಕೊಟ್ಟಿತೆಂದು ವೃತ್ತಿ ಬಿಟ್ಟು, ಸಂಸಾರ ಸಮೇತ ಜರ್ಮನಿಗೆ ಬಂದು ನೆಲೆಸಿದರು. ರೇಚಲ್ ಎಂಬ ಮಗಳು, ಸೀಗ್‌ಫ್ರೀಡ್ ಎಂಬ ಮಗ. 1893ರಲ್ಲಿ ಆ ಪುಟ್ಟ ಮಗ ಜ್ವರ, ನ್ಯುಮೋನಿಯಾದಿಂದ ತೀರಿಕೊಂಡ. ಗಂಡಹೆಂಡತಿಯ ದೀರ್ಘ ಸೈಕಲ್ ಪ್ರಯಾಣಗಳೆಲ್ಲ ಅದರ ನಂತರದವು. ಅಲ್ಜೀರಿಯಾದ ಅಟ್ಲಾಸ್ ಪರ್ವತ ದಾಟಿ ಸಹಾರಾದವರೆಗೆ ಒಂದು, ಸ್ಪೇನಿನಲ್ಲಿ 2,800 ಮೈಲಿಯ ಇನ್ನೊಂದು. ಮಗ ಹೋದ ದುಃಖಕ್ಕೇ ಸೈಕಲ್ ಹತ್ತಿದರು ಎಂದುಬಿಡುವುದು ಸುಲಭ, ಆದರೆ ಅಗ್ಗದ ಮಾತು. ಉಳಿದ ಮಗಳನ್ನು ಬೇರೆಯವರ ಆರೈಕೆಗೆ, ಆಮೇಲೆ ಇಂಗ್ಲೆಂಡಿನ ಶಾಲೆಗೆ ಬಿಟ್ಟು ಹೋದರು ಎಂಬುದೂ ಅಷ್ಟೇ ನಿಜ. ತಾಯಿಯಾದವಳು ಹೀಗೆ ಮಾಡಬಹುದೇ ಎಂದು ಫ್ಯಾನಿಯನ್ನು ಕೇಳುವವರು ವಿಲಿಯಂನನ್ನು ಕೇಳುವುದಿಲ್ಲ, ಅದು ಬೇರೆ ವಿಷಯ.

ಇದೆಲ್ಲ ಆ ಹತ್ತು ವರ್ಷಗಳಲ್ಲಿ ಸಾಧ್ಯವಾದದ್ದು ಯಂತ್ರದ ಕಾರಣಕ್ಕೆ. ಅದಕ್ಕೆ ಮುಂಚಿನ ಸೈಕಲ್ಲಿಗೆ ಆಳೆತ್ತರದ ಮುಂಗಾಲಿ, ಅಂಗೈಯಗಲದ ಹಿಂಗಾಲಿ. ಲಂಗ ತೊಟ್ಟ ಹೆಂಗಸು ಅದನ್ನು ಹತ್ತುವಂತೆಯೇ ಇರಲಿಲ್ಲ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ ತಂದರು. ಎರಡೂ ಗಾಲಿ ಹೆಚ್ಚುಕಡಿಮೆ ಒಂದೇ ಅಳತೆ, ಹಿಂದಿನ ಗಾಲಿಗೆ ಚೈನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದರು. ಈ ಎರಡೂ ಸೇರಿದ ಮೇಲೆ ಹೆಂಗಸು ಗಂಡಸು ಒಂದೇ ಬಗೆಯ ಬಂಡಿ ಹತ್ತಿ, ಒಂದೇ ದಾರಿಯಲ್ಲಿ ಜೊತೆಯಾಗಿ ಹೋಗುವಂತಾಯಿತು.

ಆ ನಡುವಿನ ಕಾಲದ ದಂಪತಿ ಇನ್ನೊಂದಿದೆ, ಎಲಿಜಬೆತ್ ಮತ್ತು ಜೋಸೆಫ್ ಪೆನೆಲ್. ಫಿಲಡೆಲ್ಫಿಯಾದವರು. 1884ರಲ್ಲಿ ಮದುವೆಯಾಗಿ, ಅದೇ ವರ್ಷ ಇಬ್ಬರು ಕೂರುವ ಮೂರು ಗಾಲಿಯ ಸೈಕಲ್ಲಿನಲ್ಲಿ ಫ್ಲಾರೆನ್ಸಿನಿಂದ ರೋಮಿಗೆ ಹೋದರು. ಆಕೆ ಬರೆದದ್ದು, ಆತ ಚಿತ್ರ ಬಿಡಿಸಿದ್ದು, ಪುಸ್ತಕ ಇಬ್ಬರದು. ಹದಿಮೂರು ವರ್ಷದ ಮೇಲೆ ಇಬ್ಬರೂ ಬೇರೆ ಬೇರೆ ಸೈಕಲ್ ಹತ್ತಿ ಆಲ್ಪ್ಸ್ ಕಣಿವೆದಾರಿಗಳನ್ನು ದಾಟಿದರು, ಆ ಪುಸ್ತಕ 1898ರಲ್ಲಿ ಬಂತು. ಅದನ್ನು ಅಚ್ಚು ಹಾಕಿದ ಲಂಡನ್ನಿನ ಫಿಶರ್ ಅನ್ವಿನ್ ಅವರೇ ವರ್ಕ್‌ಮನ್ ದಂಪತಿಯ ಪುಸ್ತಕಗಳನ್ನೂ ಹೊರತಂದವರು. ಗಂಡಹೆಂಡತಿ ಗುಡ್ಡ ಹತ್ತಿಳಿಯುವ ಪುಸ್ತಕಕ್ಕೆ ಆಗ ಒಳ್ಳೆಯ ಮಾರುಕಟ್ಟೆ ಇತ್ತು ಎಂದಾಯಿತು. ಪೆನೆಲರದು ಜಗಳ, ನಗು, ಊಟದ ರುಚಿ ಎಲ್ಲ ಇರುವ ಬರವಣಿಗೆ. ಎಲಿಜಬೆತ್ ಅಡುಗೆಯ ಬಗ್ಗೆ ಅಂಕಣ ಬರೆಯುತ್ತಿದ್ದವರು. ವರ್ಕ್‌ಮನ್ನರದು ಅವರ ಎದುರಿಗೆ ಒಣರೊಟ್ಟಿ.

ಭಾರತದಲ್ಲಿ ಅವರು ಸೈಕಲ್ಲಿಗೆ ಕಟ್ಟಿಕೊಂಡದ್ದು ಇಷ್ಟು: ಚಹಾ, ಸಕ್ಕರೆ, ಬಿಸ್ಕತ್ತು, ಚೀಸ್, ಡಬ್ಬಿಯ ಮಾಂಸ, ನೀರು, ದಿಂಬು, ಒಬ್ಬೊಬ್ಬರಿಗೆ ಒಂದು ಕಂಬಳಿ, ಬರೆಯುವ ಸಾಮಾನು, ಔಷಧಿ, ರಿಪೇರಿ ಸಾಮಾನು. ರೈಲುದಾರಿಗೆ ಹತ್ತಿರದ ಹೆದ್ದಾರಿಗಳನ್ನೇ ಹೆಚ್ಚಾಗಿ ಹಿಡಿಯುತ್ತಿದ್ದರು. ಬೇರೆಲ್ಲೂ ಜಾಗ ಸಿಗದಿದ್ದರೆ ರೈಲ್ವೆ ನಿಲ್ದಾಣದ ವೇಟಿಂಗ್ ರೂಮೇ ಗತಿ. ಬಿಳಿಯ ಮುಖಕ್ಕೆ ಆ ಬಾಗಿಲು ತೆರೆಯುತ್ತಿತ್ತು ಎಂಬುದನ್ನೂ ಇಲ್ಲಿ ಸೇರಿಸಿ ಓದಬೇಕು. ರಾಮಾಯಣ, ಮಹಾಭಾರತ, ಜಾತಕ ಕತೆಗಳನ್ನು ಓದಿಕೊಂಡಿದ್ದರು. ಅವು ಹುಟ್ಟಿದ ನೆಲ ನೋಡಬೇಕೆಂಬ ಆಸೆ ಸುಳ್ಳಲ್ಲ. 1904ರಲ್ಲಿ ಬಂದ ಅವರ ಭಾರತದ ಪುಸ್ತಕದ ತುಂಬ ಗುಡಿಗಳು, ಕಂಬಗಳು, ಕೆತ್ತನೆಗಳು.

ಆದರೆ ಅವರು ತಿರುಗಾಡಿದ ವರ್ಷಗಳನ್ನು ಒಮ್ಮೆ ನೋಡಿ. 1896-97ರ ಬರ ಆಗಷ್ಟೇ ಮುಗಿದಿತ್ತು, 1899-1900ರ ಬರ ಬರುತ್ತಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಊರಿಂದೂರಿಗೆ ಹರಡಿ, ನಮ್ಮ ಕಡೆಯೂ ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡ ಕಾಲ ಅದು. ಸೈಕಲ್ಲಿನ ಮೇಲೆ ಕೂತವನಿಗೆ ರೈಲಿನ ಕಿಟಕಿಯಲ್ಲಿ ಕಾಣದ್ದು ಕಾಣುತ್ತದೆ ಎನ್ನುತ್ತಾರೆ. ಕಾಣುತ್ತದೆ, ನಿಜ. ಕಂಡದ್ದರಲ್ಲಿ ಯಾವುದಕ್ಕೆ ಎಷ್ಟು ಪುಟ ಕೊಡಬೇಕು ಎಂಬುದನ್ನು ಸೈಕಲ್ ಹೇಳಿಕೊಡುವುದಿಲ್ಲ. ಇವರು ಹೆಚ್ಚು ಪುಟ ಕೊಟ್ಟದ್ದು ಬದುಕಿರುವವರಿಗಲ್ಲ, ಹಳೆಯ ಕಟ್ಟಡಗಳಿಗೆ.

1898ರ ಬೇಸಗೆಯಲ್ಲಿ ಬಯಲಿನ ಬಿಸಿಲು ತಾಳದೆ ಇಬ್ಬರೂ ಹಿಮಾಲಯದ ಕಡೆ ತಿರುಗಿದರು. ಸೈಕಲ್ಲಿನ ದಾರಿ ಅಲ್ಲಿಗೆ ಮುಗಿಯಿತು. ಲಡಾಖ್, ನುಬ್ರಾ, ಸುರು ಕಡೆ 14,000ದಿಂದ 18,000 ಅಡಿ ಎತ್ತರದ ಕಣಿವೆದಾರಿಗಳನ್ನು ಕಾಲ್ನಡಿಗೆಯಲ್ಲಿ ದಾಟಿದರು. ಅಲ್ಲಿಯವರೆಗೆ ತಮ್ಮ ಹೊರೆ ತಮ್ಮದೇ ಸೈಕಲ್ಲಿನ ಮೇಲೆ, ತಮ್ಮ ಪಂಕ್ಚರ್ ತಮ್ಮದೇ ಕೈಯಲ್ಲಿ. ಇಲ್ಲಿಂದ ಮುಂದೆ ಡೇರೆ, ಹಿಟ್ಟು, ಕ್ಯಾಮೆರಾ ಎಲ್ಲ ಬೇರೆಯವರ ಬೆನ್ನಿನ ಮೇಲೆ.

ಅದೇ ವರ್ಷ ಕಾಂಚನಜುಂಗಾದ ಸುತ್ತ ತಿರುಗಲು ಹೊರಟದ್ದು ಪೂರ್ತಿ ಕೆಟ್ಟಿತು. ಹೊರಡುವಷ್ಟರಲ್ಲಿ ಅಕ್ಟೋಬರ್, ಚಳಿ ಶುರುವಾಗಿತ್ತು. 45 ಮಂದಿ ಕೂಲಿಗಳು. ದಿನಕ್ಕೆ ಐದು ಮೈಲಿಗಿಂತ ಹೆಚ್ಚು ನಡೆಯುವುದಿಲ್ಲ ಎಂದರು. ಬೆಟ್ಟದ ದಾರಿಯಲ್ಲಿ ಮೂರು ದಿನವಾಗುವಷ್ಟರಲ್ಲಿ ಹಿಮದಲ್ಲಿ ದುಡಿಯಲಾರೆವು ಎಂದು ತಿರುಗಿಬಿದ್ದರು. ಎಲ್ಲರೂ ಡಾರ್ಜಿಲಿಂಗಿಗೆ ವಾಪಸ್. ಮುಂದಿನ ವರ್ಷಗಳ ಪ್ರಯಾಣಗಳಲ್ಲೂ ಇದೇ ಗೋಳು. ಒಂದು ಸಲವಂತೂ 150 ಮಂದಿ ದವಸ ಸಮೇತ ಓಡಿಹೋದರು. ಕೂಲಿಗಳು ಸೋಮಾರಿಗಳು, ಕಳ್ಳರು, ಮಾತು ಕೇಳದವರು ಎಂಬ ದೂರು ಇವರ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಇವರ ಹೆಸರಿನ ಅರ್ಥವೇ ಕೆಲಸದಾಳು!

ಆ ಕೂಲಿಗಳ ಕಡೆಯಿಂದ ನೋಡಿದರೆ ಇದು ಬೇರೆಯೇ ಚರಿತ್ರೆ. ಕಾಶ್ಮೀರ ಸಂಸ್ಥಾನದಲ್ಲಿ ಬೇಗಾರ್ ಪದ್ಧತಿ ಇತ್ತು. ಅಧಿಕಾರಿಗಳು, ಸೈನ್ಯ, ಪ್ರಯಾಣಿಕರು ಬಂದರೆ ಹಳ್ಳಿಗಳು ಆಳು ಕೊಡಬೇಕು. ಗಿಲ್ಗಿತ್ ದಾರಿಯಲ್ಲಿ ಹೊರೆ ಹೊತ್ತು ಹೋದವರಲ್ಲಿ ಎಷ್ಟೋ ಜನ ತಿರುಗಿ ಬರುತ್ತಿರಲಿಲ್ಲ. ಅಲ್ಲಿ ಕಂದಾಯ ನಿರ್ಧರಿಸಲು ಬಂದ ವಾಲ್ಟರ್ ಲಾರೆನ್ಸ್ 1895ರ ತಮ್ಮ ಪುಸ್ತಕದಲ್ಲಿ ಈ ಹಿಂಸೆಯನ್ನು ವಿವರವಾಗಿ ಬರೆದಿದ್ದಾರೆ. ನಮಗೆ ಇದು ಹೊಸದಲ್ಲ. ನಮ್ಮ ಶಾಸನಗಳಲ್ಲಿ ತೆರಿಗೆಗಳ ಜೊತೆಗೇ ಬರುವ ‘ಬಿಟ್ಟಿ’ ಇದೇ, ಸಂಸ್ಕೃತದ ವಿಷ್ಟಿ. ಇವತ್ತು ನಾವು ಪುಕ್ಕಟೆ ಎಂಬ ಅರ್ಥದಲ್ಲಿ ಲಘುವಾಗಿ ಬಳಸುವ ಮಾತಿನ ಹಿಂದೆ ಯಾರದೋ ಬೆನ್ನು ಇದೆ. ವರ್ಕ್‌ಮನ್ ದಂಪತಿ ಕೂಲಿ ಕೊಡದೆ ದುಡಿಸಿಕೊಂಡರು ಎಂದು ನಾನು ಹೇಳುತ್ತಿಲ್ಲ, ಹಣ ಕೊಟ್ಟರು. ಆದರೆ ಅಪ್ಪ ಅಜ್ಜಂದಿರ ಕಾಲದಿಂದ ಹೊರೆ ಎಂದರೆ ಬಲವಂತ ಎಂದು ಕಂಡ ಜನ, ಕುಯ್ಲು ಬಿಟ್ಟು, ಸರಿಯಾದ ಪಾದರಕ್ಷೆಯಿಲ್ಲದೆ, ಹಿಮದ ಮೇಲೆ ಅಪರಿಚಿತರ ಹಿಂದೆ ಏಕೆ ಉತ್ಸಾಹದಿಂದ ನಡೆಯಬೇಕು? ಕುಮಾವೂಂ ಬೆಟ್ಟಗಳಲ್ಲಿ ಇದೇ ಪದ್ಧತಿಗೆ 1921ರ ಜನವರಿಯಲ್ಲಿ ಜನ ಕೊಟ್ಟ ಉತ್ತರ ಪ್ರಸಿದ್ಧ. ಉತ್ತರಾಯಣದ ಜಾತ್ರೆಗೆಂದು ಬಾಗೇಶ್ವರದಲ್ಲಿ ಸೇರಿದವರು ಬೇಗಾರಿಯ ದಾಖಲೆ ಪುಸ್ತಕಗಳನ್ನು ಸರಯೂ ನದಿಗೆ ಎಸೆದರು.

ಇಷ್ಟು ಹೇಳಿದ ಮೇಲೆ ಫ್ಯಾನಿಯ ಪಾಲಿನದನ್ನು ಕಡಿಮೆ ಮಾಡಿ ಹೇಳಿದರೆ ಅನ್ಯಾಯ. ಗಂಡಹೆಂಡತಿ ಒಂದು ಏರ್ಪಾಡು ಮಾಡಿಕೊಂಡಿದ್ದರು. ಒಂದು ವರ್ಷ ಪ್ರಯಾಣದ ಯಜಮಾನಿಕೆ, ಸಾಮಾನು ಸರಂಜಾಮು ಆಕೆಯದು, ಅಳತೆ, ವಿಜ್ಞಾನದ ಕೆಲಸ ಆತನದು. ಮರುವರ್ಷ ಅದಲುಬದಲು. ಇಂಥ ಒಪ್ಪಂದ ಇವತ್ತಿನ ಎಷ್ಟು ಮನೆಗಳಲ್ಲಿದೆ? 1906ರಲ್ಲಿ 47ನೆಯ ವಯಸ್ಸಿನಲ್ಲಿ, ಲಂಗ ತೊಟ್ಟುಕೊಂಡೇ, ನುನ್ ಕುನ್ ಸಾಲಿನ ಪಿನಾಕಲ್ ಪೀಕ್ ಹತ್ತಿದಳು. ಅದು ಆಗಿನ ಮಹಿಳಾ ದಾಖಲೆ. ಆನಿ ಪೆಕ್ ಎಂಬಾಕೆ ಪೆರುವಿನಲ್ಲಿ ಇನ್ನೂ ಎತ್ತರದ ಶಿಖರ ಹತ್ತಿದೆ ಎಂದಾಗ, ಫ್ಯಾನಿ 13,000 ಡಾಲರ್ ಸುರಿದು ಫ್ರೆಂಚ್ ಸರ್ವೆಯವರಿಂದ ಆ ಶಿಖರವನ್ನು ಅಳೆಸಿ, ಅದು ಕಡಿಮೆ ಎಂದು ಸಾಧಿಸಿದಳು. ಇಂಥ ಹಟಮಾರಿಯನ್ನು ಪ್ರೀತಿಸುವುದು ಕಷ್ಟ. 1912ರಲ್ಲಿ ಸಿಯಾಚಿನ್ ಹಿಮನದಿಯ ಮೇಲ್ಗಡೆ, 21,000 ಅಡಿಯಲ್ಲಿ, ಹೆಂಗಸರಿಗೆ ಮತದ ಹಕ್ಕು ಬೇಕೆನ್ನುವ ಪತ್ರಿಕೆಯನ್ನು ಬಿಡಿಸಿ ಹಿಡಿದು ನಿಂತ ಆಕೆಯ ಫೋಟೋ ನೋಡಿದರೆ ಸುಮ್ಮನಿರುವುದೂ ಕಷ್ಟ.

ಒಂದು ಸಂಗತಿ ಮಾತ್ರ ಈ ದಾಖಲೆಗಳ ನಡುವೆ ಬೇರೆಯಾಗಿ ನಿಲ್ಲುತ್ತದೆ. 1899ರಲ್ಲಿ ಬಲ್ತಿಸ್ತಾನದಲ್ಲಿ, ಸ್ವಿಸ್ ಮಾರ್ಗದರ್ಶಿ ಮಥಿಯಾಸ್ ಝುರ್ಬ್ರಿಗೆನ್ ಜೊತೆ ಹತ್ತಿದ ಶಿಖರಗಳಲ್ಲಿ ಒಂದಕ್ಕೆ ಅವರಿಟ್ಟ ಹೆಸರು ಸೀಗ್‌ಫ್ರೀಡ್‌ಹಾರ್ನ್. ಮಗ ತೀರಿಕೊಂಡು ಆರು ವರ್ಷವಾಗಿತ್ತು. ಬದುಕಿದ್ದ ಮಗಳು ರೇಚಲ್ ಬೆಟ್ಟ ಹತ್ತಲಿಲ್ಲ, ಕಲ್ಲುಗಳನ್ನು ಓದಿ ಭೂವಿಜ್ಞಾನಿಯಾದಳು. ಕಾನ್ಪುರದಲ್ಲಿ ಉಣ್ಣೆ ಗಿರಣಿ ನಡೆಸುತ್ತಿದ್ದ ಮ್ಯಾಕ್‌ರಾಬರ್ಟನನ್ನು ಮದುವೆಯಾದಳು.

ಅವರು ಕಾಲ್ನಡಿಗೆಯಲ್ಲಿ ತಿರುಗಿದ ಆ ಲಡಾಖಿಗೆ ಈಗ ಸೈಕಲ್ ಹೋಗುತ್ತದೆ. ಲೇಹ್‌ನಿಂದ ನುಬ್ರಾಕ್ಕೆ ಹೋಗುವ ಖಾರ್ದುಂಗ್ ಲಾ 5,359 ಮೀಟರ್ ಎತ್ತರದಲ್ಲಿದೆ, ಅದರ ಮೇಲೆ ಮೋಟಾರು ರಸ್ತೆ. ಮನಾಲಿಯಿಂದ ಲೇಹ್‌ಗೆ ಬೆಂಗಳೂರಿನ ಜೋಡಿಗಳು ಸೈಕಲ್ ತುಳಿದು ಹೋಗಿಬರುತ್ತಾರೆ. ಆ ರಸ್ತೆಗಳು ಗಡಿ ರಸ್ತೆ ಸಂಸ್ಥೆಯವು. ಹಿಮ ಬಗೆದು, ಕಲ್ಲು ಒಡೆದು, ಡಾಂಬರು ಕಾಯಿಸುವವರಲ್ಲಿ ಬಹಳ ಜನ ಜಾರ್ಖಂಡಿನ ದುಮ್ಕಾ ಕಡೆಯವರು. ಉಸಿರು ಸಾಲದ ಎತ್ತರದಲ್ಲಿ, ಹೊಗೆಯ ಮಧ್ಯೆ, ಮುಖಕ್ಕೆ ಬಟ್ಟೆ ಸುತ್ತಿಕೊಂಡು ದುಡಿಯುತ್ತಾರೆ.

ಕೆಲವು ವರ್ಷಗಳ ಹಿಂದೆ ನಾನೂ ನನ್ನ ಹೆಂಡತಿಯೂ ಆ ದಾರಿಯಲ್ಲಿ ಹೋಗಿದ್ದೆವು. ತಂಗ್ಲಂಗ್ ಲಾ ಏರಿನಲ್ಲಿ ಅವಳು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ರಸ್ತೆಯ ಪಕ್ಕ ಜಲ್ಲಿ ಹರಡುತ್ತಿದ್ದ ಹುಡುಗನೊಬ್ಬ ಸಲಿಕೆ ನಿಲ್ಲಿಸಿ ಎಲ್ಲಿಂದ ಎಂದು ಹಿಂದಿಯಲ್ಲಿ ಕೇಳಿದ. ಹೇಳಿದೆವು. ಅವನಿಗೆ ಬೆಂಗಳೂರು ಗೊತ್ತಿತ್ತು, ಅವನ ಅಣ್ಣ ಅಲ್ಲಿ ಕಟ್ಟಡದ ಕೆಲಸದಲ್ಲಿದ್ದನಂತೆ.

“ಇಷ್ಟು ದೂರ ನೀವಿಬ್ಬರೇ ಬಂದಿರಾ?” ಎಂದ.

“ಹ್ಞೂಂ, ಇಬ್ಬರೇ” ಎಂದಳು ನನ್ನ ಹೆಂಡತಿ. ಅವನು ನಮ್ಮ ಸೈಕಲ್ ಹೋಗಲು ಜಲ್ಲಿಯನ್ನು ಒಂದಿಷ್ಟು ಪಕ್ಕಕ್ಕೆ ಎಳೆದು ದಾರಿ ಮಾಡಿಕೊಟ್ಟ.