ವಿಷಯನಕ್ಷೆ: ಮುಕ್ತ ತಂತ್ರಾಂಶ ಮತ್ತು ವಚನ ಸಾಹಿತ್ಯ

ವಿಷಯನಕ್ಷೆ (ಟಾಪಿಕ್ ಮ್ಯಾಪ್): ಒಂದು ಕ್ಷೇತ್ರದ ವಿಷಯಗಳನ್ನೂ ಅವುಗಳ ನಡುವಣ ಸಂಬಂಧಗಳನ್ನೂ ಅವುಗಳ ಬಗ್ಗೆ ಮಾಹಿತಿ ಸಿಗುವ ಆಕರಗಳನ್ನೂ ಗಣಕಕ್ಕೆ ತಿಳಿಯುವಂತೆ ದಾಖಲಿಸುವ ಪದ್ಧತಿ. ಬೇರೆ ಬೇರೆ ಕೈಪಿಡಿಗಳ ಪದಸೂಚಿಗಳನ್ನು ಒಂದಾಗಿಸಲು 1990ರ ದಶಕದಲ್ಲಿ ನಡೆದ ಪ್ರಯತ್ನದಿಂದ ಇದು ಬೆಳೆಯಿತು. ಐಎಸ್‌ಒ/ಐಇಸಿ 13250 ಇದರ ಅಂತರರಾಷ್ಟ್ರೀಯ ಮಾನಕ. ಜಾಲಕ್ಕೆ ಒಗ್ಗುವ ಎಕ್ಸ್‌ಟಿಎಂ ರೂಪ 2001ರಲ್ಲಿ ಬಂತು.

ಉದಾಹರಣೆಗೆ, ವಿಜಯಪುರ ಜಿಲ್ಲೆಯ ದೇವಣಗಾಂವವನ್ನು ನಕ್ಷೆಗೆ ಸೇರಿಸುವುದಾದರೆ, ಊರು ಒಂದು ವಿಷಯ, ಭೀಮಾ ನದಿ ಇನ್ನೊಂದು. ನದಿಯ ದಡದಲ್ಲಿ ಊರಿದೆ ಎಂಬುದು ಸಂಬಂಧ. ಮೊದಲು ಸಿಂದಗಿ ತಾಲ್ಲೂಕಿನಲ್ಲಿದ್ದ ಊರು ಈಗ ಆಲಮೇಲ ತಾಲ್ಲೂಕಿನದು. ಹಳೆಯ ಸಂಬಂಧವನ್ನು ಅಳಿಸಬೇಕಿಲ್ಲ, ಯಾವ ಕಾಲಕ್ಕೆ ಅನ್ವಯಿಸುತ್ತದೆ ಎಂಬ ವ್ಯಾಪ್ತಿಯನ್ನು ಸೂಚಿಸಿದರೆ ಸಾಕು. ಜಿಲ್ಲೆಯ ಹೆಸರಿಗೂ ಇದೇ ಕ್ರಮ: 2014ರ ನವೆಂಬರ್ 1ರವರೆಗೆ ಬಿಜಾಪುರ, ಅಲ್ಲಿಂದ ಮುಂದೆ ವಿಜಯಪುರ, ಹೆಸರು ಎರಡಾದರೂ ವಿಷಯ ಒಂದೇ.

ಹೀಗೆ ಹಲವು ಹೆಸರಿನ ಒಂದೇ ವಸ್ತುವನ್ನು ಒಂದೆಡೆ ತರುವ ವಿಲೀನವೇ ಈ ಪದ್ಧತಿಯ ನಿಜವಾದ ಬಲ. ಪ್ರತಿ ವಿಷಯಕ್ಕೂ ಒಂದು ಸ್ಥಿರ ಗುರುತು ಇರುತ್ತದೆ. ಎರಡು ಸಂಗ್ರಹಗಳಲ್ಲಿ ಅದೇ ಗುರುತು ಕಂಡರೆ ತಂತ್ರಾಂಶವು ಎರಡನ್ನೂ ಕೂಡಿಸುತ್ತದೆ.

ಕನ್ನಡದಲ್ಲಿ ಇದರ ಅಗತ್ಯ ಎದ್ದು ಕಾಣುವುದು ವಚನ ಸಾಹಿತ್ಯದಲ್ಲಿ. ವಚನಕಾರ ಬಸವಣ್ಣನ ಹುಟ್ಟೂರು ಬಸವನ ಬಾಗೇವಾಡಿ ವಿಜಯಪುರ ಜಿಲ್ಲೆಯದೇ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಊರೂರು ಅಲೆದು ತಾಳೆಗರಿಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ವಚನಗಳನ್ನು ವಿಷಯವಾರು ಜೋಡಿಸಿದ ಆ ಗ್ರಂಥದಲ್ಲಿ ಇಂದಿನ ವಿಷಯನಕ್ಷೆಯ ಚಿಂತನೆ ಆಗಲೇ ಇದೆ ಎನ್ನಬಹುದು. ಮುಂದೆ ಕರ್ನಾಟಕ ಸರ್ಕಾರ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ವನ್ನು ಪ್ರಕಟಿಸಿತು. ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ್ ಮೊದಲಾದವರ ತಂಡ ಮುಕ್ತ ತಂತ್ರಾಂಶ ಬಳಸಿ ಕಟ್ಟಿದ ‘ವಚನ ಸಂಚಯ’ ಜಾಲತಾಣವು 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಯುನಿಕೋಡ್‌ನಲ್ಲಿ ಹುಡುಕಲು ಒದಗಿಸಿತು. ಒಂದು ಪದ ಯಾವ ಯಾವ ವಚನಗಳಲ್ಲಿದೆ ಎಂಬುದನ್ನು ಕ್ಷಣದಲ್ಲಿ ತೋರಿಸುವ ಈ ಕೆಲಸ ಸಂಶೋಧಕರಿಗೆ ದೊಡ್ಡ ಉಪಕಾರ.

ಆದರೆ ವಚನ ಸಂಚಯದ್ದು ಪದಗಳ ಹುಡುಕಾಟ, ವಿಷಯನಕ್ಷೆಯಲ್ಲ. ಅಲ್ಲಮನ ಅಂಕಿತ ಗುಹೇಶ್ವರ ಎಂದೂ ಗೊಹೇಶ್ವರ ಎಂದೂ ಸಿಗುತ್ತದೆ. ಒಂದು ರೂಪವನ್ನಷ್ಟೇ ಹುಡುಕಿದರೆ ಇನ್ನೊಂದು ರೂಪದ ವಚನಗಳು ತಪ್ಪಿಹೋಗಬಹುದು. ‘ಮಲ್ಲಿಕಾರ್ಜುನ’ ಎಂಬ ಅಕ್ಷರಸಾಲನ್ನೇ ನೆಚ್ಚಿದರೆ ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನವೂ ಸಿದ್ಧರಾಮನ ಕಪಿಲಸಿದ್ಧಮಲ್ಲಿಕಾರ್ಜುನವೂ ಬೆರೆತುಬಿಡುತ್ತವೆ. ವಚನಕಾರ, ಅಂಕಿತ, ಊರು, ಕಾಯಕ ಇವೆಲ್ಲ ಪ್ರತ್ಯೇಕ ವಿಷಯಗಳಾಗಿ ಒಂದಕ್ಕೊಂದು ಬೆಸೆದಿದ್ದರೆ ಎರಡೂ ತೊಡಕು ನೀಗುತ್ತವೆ.

ಇಂಥ ವಿಷಯನಕ್ಷೆಯ ಅನ್ವಯ ಕಟ್ಟಲು ಜಾವಾದಲ್ಲಿ ಬರೆದ, 2009ರಲ್ಲಿ ಮುಕ್ತ ಪರವಾನಗಿಗೆ ಬಂದ ನಾರ್ವೆಯ ಆಂಟೋಪಿಯಾ ತಂತ್ರಾಂಶ ಇದೆ. ಟೋಲಾಗ್ ಅದರ ಪ್ರಶ್ನಾಭಾಷೆ. ಪಿಎಚ್‌ಪಿ ಬಲ್ಲವರಿಗೆ ಕ್ವಾಕ್ಸ್‌ಟಿಎಂ, ನಕ್ಷೆಯನ್ನು ತಿದ್ದಿ ಚಿತ್ರರೂಪದಲ್ಲಿ ನೋಡಲು ಫಿನ್ಲೆಂಡಿನ ವಾಂಡೋರಾ. ಇಂಥ ಅನ್ವಯದಲ್ಲಿ ಪ್ರತಿ ವಿಷಯಕ್ಕೂ ಪುಟವೊಂದು ತಾನಾಗಿ ಮೂಡುವಂತೆ ಮಾಡಬಹುದು, ಸಂಬಂಧಗಳೇ ಕೊಂಡಿಗಳಾಗುತ್ತವೆ. ‘ಕಾಯಕ’ದಂಥ ಹೊಸ ಸಂಬಂಧ ಬೇಕಾದಾಗ ದತ್ತಸಂಚಯದ ಕೋಷ್ಟಕಗಳನ್ನು ಬದಲಿಸಬೇಕಿಲ್ಲ.

ಆದರೆ ವಿಷಯನಕ್ಷೆಯ ಮಾನಕದ ಬೆಳವಣಿಗೆ ಈಚೆಗೆ ಕುಂಠಿತವಾಗಿದೆ. ಇದಕ್ಕೆಂದು ಯೋಜಿಸಿದ್ದ ಟಿಎಂಕ್ಯುಎಲ್ ಪ್ರಶ್ನಾಭಾಷೆ ಮಾನಕವಾಗಿ ಹೊರಬರಲೇ ಇಲ್ಲ. 2012ರಲ್ಲಿ ಆರಂಭವಾದ ವಿಕಿಡೇಟಾ ಬೇರೆ ದಾರಿಯಿಂದ ಇದೇ ಕೆಲಸವನ್ನು ಮಾಡುತ್ತಿದೆ, ಕನ್ನಡದಲ್ಲೂ ಹೆಸರು ಸೇರಿಸಲು ಅಲ್ಲಿ ಅವಕಾಶವಿದೆ. ಇಂದು ಹೊಸದಾಗಿ ತೊಡಗುವವರಿಗೆ ವಿಕಿಡೇಟಾದ ತಳದಲ್ಲಿರುವ ಮುಕ್ತ ತಂತ್ರಾಂಶ ವಿಕಿಬೇಸ್ ಹೆಚ್ಚು ಸೂಕ್ತ.