ನಾವಾಕಿಲಿಯ ಶೌರ್ಯಪದಕಗಳು

ಶಾಸನಗಳನ್ನು ಓದಬಲ್ಲವರಿಗೆ ಶೌರ್ಯಪದಕವೂ ಒಂದು ಶಾಸನವೇ ಸರಿ. ಪಡೆದವನ ಪರಾಕ್ರಮದೊಡನೆ ಕೊಟ್ಟ ಪ್ರಭುತ್ವದ ನಿಯಮಗಳೂ ಅದರಿಂದ ತಿಳಿದುಬರುತ್ತವೆ. ಆಂಗ್ಲರ 16ನೆಯ ಲ್ಯಾನ್ಸರ್ಸ್ ಎಂಬ ಅಶ್ವದಳದ ಲೆಫ್ಟೆನೆಂಟ್ ವೈಕೌಂಟ್ ಫಿನ್‌ಕ್ಯಾಸಲನಿಗೆ ದೊರೆತ ವಿಕ್ಟೋರಿಯಾ ಕ್ರಾಸ್ ಪದಕವು ಇದಕ್ಕೆ ತಕ್ಕ ನಿದರ್ಶನವಾಗಿದೆ.

1897ನೆಯ ಇಸವಿಯ ಜುಲೈ ಕೊನೆಯಲ್ಲಿ ವಾಯವ್ಯ ಸರಹದ್ದಿನ ಪಠಾಣರು ಮಲಕಂದದ ಠಾಣ್ಯದ ಮೇಲೆ ಬಿದ್ದರು. ಅವರನ್ನು ಹಿಮ್ಮೆಟ್ಟಿಸಿದ ಬಳಿಕ ಆಂಗ್ಲಸೈನ್ಯವು ಸ್ವಾತ್ ನದಿಯ ಕಣಿವೆಯನ್ನು ಹೊಕ್ಕು, ಆಗಸ್ಟ್ 17ರಂದು ಲಂಡಾಕೈ ಎಂಬಲ್ಲಿ ಜಯವನ್ನು ಪಡೆಯಿತು. ಅದೇ ದಿನ ನಾವಾಕಿಲಿಯ ಬಳಿ ಲೆಫ್ಟೆನೆಂಟ್ ಗ್ರೀವ್ಸ್ ಎಂಬಾತನು ಗುಂಡೇಟಿನಿಂದ ಬಿದ್ದು, ಖಡ್ಗಧಾರಿಗಳಾದ ಶತ್ರುಗಳ ನಡುವೆ ಸಿಕ್ಕಿದನು. ಗೈಡ್ಸ್ ದಳದ ಕರ್ನಲ್ ಆಡಮ್ಸ್, ಲೆಫ್ಟೆನೆಂಟ್ ಮ್ಯಾಕ್ಲೀನ್, ಫಿನ್‌ಕ್ಯಾಸಲ್ ಮತ್ತು ಗೈಡ್ಸ್ ದಳದ ಐವರು ಭಟರು ಗುಂಡಿನ ಮಳೆಯಲ್ಲಿ ಅವನನ್ನು ಬಿಡಿಸಲು ಧಾವಿಸಿದರು. ಮರೆಗೆ ತರುತ್ತಿರುವಾಗಲೇ ಮತ್ತೊಂದು ಗುಂಡು ತಗುಲಿ ಗ್ರೀವ್ಸ್ ಮಡಿದನು. ಮ್ಯಾಕ್ಲೀನನಿಗೂ ಪ್ರಾಣಾಂತಿಕವಾದ ಗಾಯವಾಯಿತು. ಆಡಮ್ಸ್ ಮತ್ತು ಫಿನ್‌ಕ್ಯಾಸಲರ ಕುದುರೆಗಳು ಗುಂಡಿಗೆ ತುತ್ತಾದುವು.

ಆ ವರ್ಷದ ನವೆಂಬರಿನ ರಾಜಪತ್ರದಲ್ಲಿ ಆಡಮ್ಸ್, ಫಿನ್‌ಕ್ಯಾಸಲ್ ಇಬ್ಬರಿಗೂ ಪದಕವು ಘೋಷಿತವಾಯಿತು. ಮ್ಯಾಕ್ಲೀನನು ಬದುಕಿದ್ದರೆ ಅವನ ಹೆಸರನ್ನೂ ಶಿಫಾರಸು ಮಾಡಲಾಗುತ್ತಿತ್ತೆಂದು ಅಲ್ಲಿ ಬರೆಯಲಾಯಿತು. ಮಡಿದವನಿಗೇ ವೀರಗಲ್ಲನ್ನು ನಿಲ್ಲಿಸಿದ ನಾಡಿನವರಾದ ನಮಗೆ ಈ ನಿಯಮವು ವಿಪರೀತವಾಗಿ ತೋರಬಹುದು. ಆಂಗ್ಲರಿಗೂ ಕಡೆಗೆ ಹಾಗೆಯೇ ತೋರಿರಬೇಕು. 1907ರ ಜನವರಿಯಲ್ಲಿ ಮ್ಯಾಕ್ಲೀನನಿಗೆ ಮರಣೋತ್ತರವಾಗಿ ಪದಕವನ್ನಿತ್ತರು.

ಇನ್ನು ಆ ಐವರು ಭಟರ ಮಾತು. ಪದಕದ ಪ್ರಶಸ್ತಿವಾಕ್ಯದಲ್ಲಿ ಅವರ ಸಂಖ್ಯೆಯುಂಟು, ಹೆಸರುಗಳಿಲ್ಲ. 1856ರಲ್ಲಿ ಸ್ಥಾಪಿತವಾದ ವಿಕ್ಟೋರಿಯಾ ಕ್ರಾಸ್ ಪದಕವು ಆಗ ಭಾರತೀಯ ಸಿಪಾಯಿಗಳಿಗೆ ಸಲ್ಲುತ್ತಿರಲಿಲ್ಲ. ಅವರಿಗಾಗಿ ಇದ್ದುದು ಕಂಪೆನಿಯ ಸರ್ಕಾರವು 1837ರಲ್ಲಿಯೇ ಏರ್ಪಡಿಸಿದ ಆರ್ಡರ್ ಆಫ್ ಮೆರಿಟ್. ಅದರಲ್ಲಿ ಮೂರು ತರಗತಿಗಳಿದ್ದುವು. ಮೂರನೆಯದನ್ನು ಪಡೆದವನು ಮತ್ತೆ ಪರಾಕ್ರಮವನ್ನು ತೋರಿದಲ್ಲಿ ಮಾತ್ರ ಎರಡನೆಯದಕ್ಕೆ ಅರ್ಹನಾಗುತ್ತಿದ್ದನು. ಪ್ರತಿ ತರಗತಿಗೂ ಹೆಚ್ಚಿನ ವೇತನವು ಸಲ್ಲುತ್ತಿತ್ತು. ದಂಡಿನಲ್ಲಿದ್ದವರೆಲ್ಲರಿಗೂ ಕೊಡುತ್ತಿದ್ದ ಇಂಡಿಯಾ ಮೆಡಲಿನಲ್ಲಿಯೂ ಭೇದವಿದ್ದಿತು: ಕಾದುವವರಿಗೆ ಬೆಳ್ಳಿಯದು, ಡೇರೆ ಹೊರುವ, ಅಡಿಗೆ ಮಾಡುವ ಪರಿಜನರಿಗೆ ಕಂಚಿನದು.

1911ರ ದೆಹಲಿ ದರ್ಬಾರಿನಲ್ಲಿ ವಿಕ್ಟೋರಿಯಾ ಕ್ರಾಸ್ ಪದಕವನ್ನು ಭಾರತೀಯ ಭಟರಿಗೂ ವಿಸ್ತರಿಸಲಾಯಿತು. 1914ರ ಅಕ್ಟೋಬರ್ 31ರಂದು ಬೆಲ್ಜಿಯಂ ದೇಶದ ರಣದಲ್ಲಿ ಸಿಪಾಯಿ ಖುದಾದಾದ್ ಖಾನನು ಅದನ್ನು ಗಳಿಸಿದ ಭಾರತೀಯರಲ್ಲಿ ಮೊದಲಿಗನಾದನು.

ಫಿನ್‌ಕ್ಯಾಸಲನ ಶೌರ್ಯಕ್ಕೆ ಇದರಿಂದ ಕುಂದಿಲ್ಲ. ತನ್ನ ದಳವೇ ಇಲ್ಲದ ರಣದಲ್ಲಿ, ಪತ್ರಿಕೆಯೊಂದರ ಬಾತ್ಮೀದಾರನಾಗಿಯೂ ಬಂದಿದ್ದ ಆತನು ಪರರಿಗಾಗಿ ಪ್ರಾಣವನ್ನು ಪಣವಾಗಿಟ್ಟದ್ದು ದಿಟ. ಆದರೆ ಅಂದು ಅಪಾಯಕ್ಕೆ ನುಗ್ಗಿದವರು ಎಂಟು ಮಂದಿ, ಆ ರಾಜಪತ್ರದಿಂದ ವಿಕ್ಟೋರಿಯಾ ಕ್ರಾಸ್ ಪಡೆದವರು ಇಬ್ಬರು. ಆದುದರಿಂದ ಪದಕಗಳ ಪಟ್ಟಿಯನ್ನೇ ವೀರರ ಪಟ್ಟಿಯೆಂದು ಚರಿತ್ರಕಾರನು ಎಣಿಸಲಾಗದು. ಅದು ಅಂದಿನ ನಿಯಮಗಳು ಕಾಣಗೊಟ್ಟಷ್ಟು ವೀರರ ಪಟ್ಟಿ ಮಾತ್ರ.