ನಾಲ್ಕು ಚಕ್ರ ಚಾಲನೆಯ ವಾಹನಗಳಿಗೆ ಟೈರು: ಆಯ್ಕೆಯ ಕ್ರಮ

ಎಂಜಿನಿನ ಬಲ ನಾಲ್ಕೂ ಚಕ್ರಗಳಿಗೆ ಹರಿದರೂ ನೆಲವನ್ನು ಹಿಡಿಯುವುದು ಟೈರು ಮಾತ್ರ. ಆದ್ದರಿಂದ ಜೀಪು, ಪಿಕಪ್‌ಗಳು ಹೆಚ್ಚಾಗಿ ಸಂಚರಿಸುವ ದಾರಿಯನ್ನು ನೋಡಿಯೇ ಟೈರನ್ನು ಆರಿಸಬೇಕು.

ಬಗೆಗಳು: ಡಾಂಬರು ರಸ್ತೆಗೆ ಹೈವೇ ಟೆರೈನ್ (ಎಚ್‌ಟಿ), ಡಾಂಬರು ಹಾಗೂ ಮಣ್ಣುದಾರಿ ಎರಡಕ್ಕೂ ಆಲ್ ಟೆರೈನ್ (ಎಟಿ), ಆಳವಾದ ಕೆಸರಿಗೆ ಮಡ್ ಟೆರೈನ್ (ಎಂಟಿ). ಎಂಟಿ ಟೈರಿನ ಅಗಲವಾದ ತೋಡುಗಳು ಕೆಸರನ್ನು ಕೊಡಹುತ್ತವೆ. ಆದರೆ ಒದ್ದೆ ಡಾಂಬರಿನಲ್ಲಿ ಅದರ ಹಿಡಿತ ಕಡಿಮೆ, ಸದ್ದು ಹೆಚ್ಚು. ಸತ್ಯಮಂಗಲದಿಂದ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಏರಿ ತಾಳವಾಡಿಯ ಹೊಲದ ದಾರಿಗೆ ಇಳಿಯುವ ವಾಹನಕ್ಕೆ ಎಟಿ ಯೋಗ್ಯ.

ಅಳತೆ: 235/70 ಆರ್ 16 ಎಂದರೆ ಅಗಲ 235 ಮಿ.ಮೀ., ಪಕ್ಕದ ಎತ್ತರ ಆ ಅಗಲದ ಶೇ. 70, ರಚನೆ ರೇಡಿಯಲ್, ರಿಮ್ಮಿನ ವ್ಯಾಸ 16 ಅಂಗುಲ. ಭಾರಸೂಚಿ 109 ಇದ್ದರೆ ಟೈರೊಂದು 1,030 ಕಿ.ಗ್ರಾಂ. ಹೊರಬಲ್ಲದು.

ಎಚ್ಚರಿಕೆ: ನಾಲ್ಕೂ ಟೈರುಗಳ ಅಳತೆ, ಬಗೆ, ಸವೆತ ಸಮಾನವಾಗಿರಲಿ, ಸುತ್ತಳತೆ ಭಿನ್ನವಾದರೆ ನಾಲ್ಕು ಚಕ್ರ ಚಾಲನೆಯಲ್ಲಿ ಗೇರುಗಳಿಗೆ ಘಾಸಿಯಾಗುತ್ತದೆ. ಪಕ್ಕದಲ್ಲಿ 2324 ಎಂದಿದ್ದರೆ ಅದು 2024ರ 23ನೆಯ ವಾರದ ತಯಾರಿಕೆ. ತೋಡಿನ ಆಳ 1.6 ಮಿ.ಮೀ.ಗೆ ಇಳಿದ ಟೈರಿನಲ್ಲಿ ಮಳೆಗಾಲದ ಘಾಟಿ ಇಳಿಯುವುದು ಪ್ರಾಣಾಪಾಯಕರ, ಅದನ್ನು ಬದಲಿಸಲೇಬೇಕು.